ಯಂತ್ರದ ಹಣೆಗೆ ಚಂದನ

ಕಣ್ಣಿನ ಯಂತ್ರದ ಕೋಣೆಗೆ ಬೀಗ ಜಡಿದು ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡಿರುವ ಮಾನ್ಯ ಅಧಿಕಾರಿಗಳೇ,

ನನ್ನ ಮೊಮ್ಮಗಳು ನಿವೇತಾಳ ಬಲಗಣ್ಣು ಹೋದದ್ದು ನಿಮ್ಮ ಬೀಗದಿಂದ. ಗಡಿಯಾಚೆಯ ನೆಂಟರಿಗೆ ಕಾಗದ ಬರೆದು ಬರೆದೇ ಕನ್ನಡ ಕಲಿತವನು ನಾನು. ಮೊದಲ ಸಾಲಿನಲ್ಲಿ ಕ್ಷೇಮ ಕೇಳುವುದು ರೂಢಿ. ನಿಮ್ಮ ಕ್ಷೇಮ ಕೇಳುವುದಿಲ್ಲ. ತಮಿಳಿನಲ್ಲಿ ಕೊಟ್ಟ ಮನವಿಯನ್ನು ನೀವು ಓದಲಿಲ್ಲ, ಈ ಬಹಿರಂಗ ಪತ್ರವನ್ನಾದರೂ ಊರೆಲ್ಲ ಓದಲಿ.

ನಮ್ಮ ಊಟಿ ಬೆಟ್ಟದವರಲ್ಲಿ ಕಿರಿಯರು ತಲೆ ಬಾಗಿದರೆ ಹಿರಿಯರು ನೆತ್ತಿಯ ಮೇಲೆ ಕೈಯಿಟ್ಟು "ಬದುಕು, ಬದುಕು" ಎಂದು ಹರಸುತ್ತೇವೆ. ಹಾಗೆ ಬಾಗಲು ಬಂದವಳು ಒಂದು ದಿನ ನಕ್ಕುಬಿಟ್ಟಳು. "ಹೆತ್ತಪ್ಪಾ, ನೀ ಎತ್ತಿದ್ದು ಒಂದು ಕೈ, ಎನಗೆ ಮೂರು ಕಾಂಬದು! ಏದರ ಅಡಿಗೆ ತಲೆ ಕೊಡಲಿ?" ತಾತನಾದ ನಾನೂ ನಕ್ಕೆ. ನಿಮ್ಮ ಕಣ್ಣಿನ ಶಿಬಿರದವರು ನಗಲಿಲ್ಲ, ಬಹು ಗಂಭೀರವಾಗಿ ಕನ್ನಡಕ ಬದಲಿಸಿದರು. ಮರುವರ್ಷ ಮತ್ತೆ ಬದಲಿಸಿದರು. "ಎಸ್ಟೇಟ್ ಧೂಳು ತಾತಾ, ಬೇರೇನಿಲ್ಲ" ಎಂದರು.

ಕೊನೆಗೆ ಕೊಯಮತ್ತೂರಿನ ವೈದ್ಯೆಯೊಬ್ಬರು ಕಾರ್ನಿಯಾದ ಚಿತ್ರ ತೆಗೆದು ತೋರಿಸಿದರು. ಕಣ್ಣಿನ ಮುಂದಿನ ಆ ಪಾರದರ್ಶಕ ಪೊರೆ ತೆಳುವಾಗಿ ನಮ್ಮ ಬೆಟ್ಟದ ಹಾಗೆ ಚೂಪಾಗಿತ್ತು, ಚಿತ್ರದಲ್ಲಿ ಶಿಖರವೆಲ್ಲ ಕೆಂಪು. ಕೆರಟೋಕೋನಸ್ ಅಂತೆ. "ಕನ್ನಡಕದ ಪರೀಕ್ಷೆಯಲ್ಲಿ ಇದು ಮೊದಮೊದಲು ಸಿಕ್ಕುವುದಿಲ್ಲ. ಈ ಚಿತ್ರ ಆಗಲೇ ತೆಗೆದಿದ್ದರೆ ಹನಿ ಹಾಕಿ, ಬೆಳಕು ಬಿಟ್ಟು, ಇದ್ದಲ್ಲೇ ನಿಲ್ಲಿಸಬಹುದಿತ್ತು. ನಿಮ್ಮ ಜಿಲ್ಲೆಗೂ ಯಂತ್ರ ಬಂದಿದೆಯಲ್ಲ?"

ಬಂದಿದೆ! ನೋಡಲು ಊಟಿಯ ನಿಮ್ಮ ಕಚೇರಿಗೆ ಹೋದೆ. ನಿಮ್ಮ ಸಹಾಯಕ ಭೋಜನ್ ಕಿಟಕಿಯಿಂದ ತೋರಿಸಿದ. ಒಣಗಿದ ಹಾರ, ಯಂತ್ರದ ಗಾಜಿನ ನಟ್ಟನಡುವೆ ಗಟ್ಟಿಯಾದ ಚಂದನ, ಅದರ ಮೇಲೆ ಕುಂಕುಮ.

"ಗಾಜಿಗೆ ಯಾಕಪ್ಪಾ ಬಳಿದೆ?"

"ಅದು ಕಣ್ಣು ಎಂದು ದಾರು ಹೇಳಿದರು, ಮಾಮಾ? ನಾ ಹಣೆ ಎಂದು ಬಳಿದೆ. ಕರ್ಪೂರ ಹಚ್ಚಿದ್ದು ನಮ್ಮ ಆಫೀಸರ್ ಸಾರೇ."

ಅವನ ಮೇಲೆ ಕ್ರಮ ಕೈಗೊಳ್ಳುವ ಚುರುಕುತನ ತೋರಬೇಡಿ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಮಾತ್ರ ಬೀಗ ತೆಗೆಯುವವರು ನೀವು. ಪೂಜೆಗೆ ಪೂಜಾರಿ ಸಿಕ್ಕರು, ನಡೆಸಲು ತಂತ್ರಜ್ಞರು ಮಾತ್ರ ಸಿಗಲಿಲ್ಲವೇ? ನೀವು ಕರ್ಪೂರ ಬೆಳಗುತ್ತಿದ್ದಾಗ ನನ್ನ ಮಗುವಿನ ಕಣ್ಣು ಇನ್ನೂ ಉಳಿಯುವ ಕಣ್ಣಾಗಿತ್ತು, ಸ್ವಾಮಿ.

ಈಗ ಅವಳ ತಂಗಿ ಕೀರ್ತನಾ ಕಣ್ಣು ಉಜ್ಜತೊಡಗಿದ್ದಾಳೆ. ಮನೆಯಲ್ಲಿ ಒಬ್ಬರಿಗಿದ್ದರೆ ಉಳಿದವರನ್ನೂ ನೋಡಬೇಕಂತೆ. ಕೊಯಮತ್ತೂರಿಗೆ ಹೋಗಿ ಎನ್ನಬೇಡಿ. ಇವಳನ್ನು ನಾನು ಕರೆದೊಯ್ದೇನು, ಇವಳ ಶಾಲೆಯ ಮಕ್ಕಳನ್ನೆಲ್ಲ ಯಾರು ಕರೆದೊಯ್ಯುತ್ತಾರೆ? ಆ ಚಂದನವನ್ನು ನಿಮ್ಮ ಕೈಯಿಂದಲೇ ಒರೆಸಿ. ತಂತ್ರಜ್ಞರನ್ನು ಕರೆಸಿ. ಕೀರ್ತನಾಳ ಗದ್ದ ಮೊದಲು ಆ ಯಂತ್ರದ ಮೇಲಿರಲಿ, ನೀವು ಪಕ್ಕದಲ್ಲಿ ನಿಂತಿರಿ.

ಇಲ್ಲವೋ, ಮುಂದಿನ ಆಯುಧಪೂಜೆಗೆ ನಮ್ಮೂರು ಇತ್ತಲಾರ್‌ನವರೆಲ್ಲ ಬಸ್ಸು ಹತ್ತಿ ಊಟಿಗೆ ಬರುತ್ತೇವೆ. ಕೆಲಸ ಮಾಡದ್ದಕ್ಕೆ ಪೂಜೆ ಮಾಡುವುದು ನಿಮ್ಮ ಕಚೇರಿಯ ಪದ್ಧತಿ ತಾನೆ? ನಿಮ್ಮನ್ನೇ ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಕನ್ನಡಕದ ಎರಡು ಗಾಜಿಗೂ ಚಂದನ ಬಳಿಯುತ್ತೇವೆ. ಬಳಿಯುವವಳು ನಿವೇತಾ. ಉಳಿದ ಎಡಗಣ್ಣಿಗೆ ಈಗಲೂ ಒಂದು ಮೂರಾಗಿಯೇ ಕಾಣುತ್ತದೆ. ಮೂರು ಮುಖಗಳಲ್ಲಿ ಒಂದನ್ನೂ ಬಿಡಬೇಡ ಎಂದು ಹೇಳಿಟ್ಟಿದ್ದೇನೆ.

ಇಂತಿ,
ನೀವು ಬಾಗಿದರೂ ಹರಸಲು ಕೈ ಏಳದ ಮುದುಕ,
ಮಹಾಲಿಂಗಂ, ಇತ್ತಲಾರ್