ಮೂರು ಡಿಗ್ರಿ ಮುಂದಕ್ಕೆ

ನ್ಯಾಮತಿ
14 ಜುಲೈ 2025

ಚನ್ನಗಿರಿಯ ರುದ್ರಮುನಿಯವರಿಗೆ,

ನ್ಯಾಮತಿಯಿಂದ ಕಲ್ಪನಾಳ ಶರಣು. ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಿ ಎಂದು ಕೇಳುವುದು ಕಾಗದದ ಪದ್ಧತಿ, ಆದರೆ ಕೇಳುವುದಿಲ್ಲ. ನಿಮ್ಮ ರಿಜಿಸ್ಟರ್ ಪೋಸ್ಟಿನ ನಾಲ್ಕು ಪುಟಗಳಲ್ಲಿ ಮೂರೂವರೆ ಪುಟ ಅದೇ ಇತ್ತು.

ನಿಮ್ಮ ನಂಬರನ್ನು ಬ್ಲಾಕ್ ಮಾಡಿದ್ದರಿಂದ ಪೆನ್ನು ಹಿಡಿದಿದ್ದೀರಿ. ಮದುವೆಯಾಗಿ ಒಟ್ಟಿಗಿದ್ದ ಎಂಟು ವರ್ಷಗಳಲ್ಲಿ ನನಗೆ ಒಂದು ಸಾಲು ಬರೆಯದ ಕೈ ಒಂದು ಕಂಪ್ಯೂಟರ್ ಫೈಲಿಗಾಗಿ ನಾಲ್ಕು ಪುಟ ಬರೆದಿದೆ. ಅಕ್ಷರ ದುಂಡಗೆ ಬಂದಿದೆ. ಎರಡು ಸಲವಾದರೂ ಹರಿದು ಹಾಕಿ ಬರೆದಿರಬೇಕು.

ಕೆಂಪು ಕಾರಿಗೆ ಹೊಸ ಎಂಜಿನ್ ಕೂರಿಸಿದ್ದೀರಿ, ಹಳೆಯ ಸೂಪರ್‌ಚಾರ್ಜರನ್ನೇ ಮತ್ತೆ ಕಟ್ಟಿದ್ದೀರಿ. ಬರುವ ತಿಂಗಳು ಜಗಳೂರಿನಲ್ಲಿ ಓಟವಿದೆ. ಕಾರು ಗೆದ್ದರೆ, ಓಟಕ್ಕೆ ದುಡ್ಡು ಹಾಕುವ ಹಾಲಸ್ವಾಮಿಯವರು ಹೊನ್ನಾಳಿಯಲ್ಲಿ ನಿಮಗೆ ದೊಡ್ಡ ಗ್ಯಾರೇಜ್ ಹಾಕಿಸಿಕೊಡುತ್ತಾರೆ. ಆದರೆ ಮ್ಯಾಪ್ ಇಲ್ಲದೆ ಕಾರು ಶೆಡ್ಡಿನ ಬಾಗಿಲು ದಾಟುವುದಿಲ್ಲ, ಆ ಮ್ಯಾಪಿನ ಫೈಲ್ ಇರುವುದು ನನ್ನ ಹತ್ತಿರ ಮಾತ್ರ. ಇಷ್ಟೇ ತಾನೆ ನಿಮ್ಮ ಕಾಗದ? ಕೊನೆಗೆ ಒಂದು ಸಾಲು ಸೇರಿಸಿದ್ದೀರಿ: "ಜಗಳೂರಿನಾಗೆ ನೀನು ಮಾಡಿದ ತಪ್ಪನ್ನ ನಾನು ಮನಸ್ಸಿನಾಗೆ ಇಟ್ಕೊಂಡಿಲ್ಲ, ಯಾವತ್ತೋ ಕ್ಷಮಿಸೀನಿ."

ಆ ಸಾಲು ಇಲ್ಲದಿದ್ದರೆ ನಾನು ಈ ಉತ್ತರ ಬರೆಯುತ್ತಲೇ ಇರಲಿಲ್ಲ.

ಮೊದಲು ನೀವು ಕೇಳಿದ ವಸ್ತು ಏನು ಎಂದು ತಿಳಿದುಕೊಳ್ಳಿ. ಊರೆಲ್ಲ ನಿಮ್ಮನ್ನು ಮ್ಯಾಪ್ ಮುನಿ ಎಂದು ಕರೆಯಿತು, ಆದರೆ ಮ್ಯಾಪ್ ತೆರೆದು ತೋರಿಸಿದರೆ ಅಕ್ಷರ ಬಾರದವರು ಪಂಚಾಂಗ ನೋಡಿದ ಹಾಗೆ ನೋಡುತ್ತಿದ್ದಿರಿ. ಸೂಪರ್‌ಚಾರ್ಜರ್ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಾದಷ್ಟೂ ಪೆಟ್ರೋಲ್ ಹೆಚ್ಚು ಬೇಕು. ಎಷ್ಟು ವೇಗದಲ್ಲಿ, ಎಷ್ಟು ಒತ್ತಡದಲ್ಲಿ ಎಷ್ಟು ಪೆಟ್ರೋಲ್ ಎನ್ನುವುದು ಒಂದು ಕೋಷ್ಟಕ. ಪ್ಲಗ್ಗಿನ ಕಿಡಿ ಯಾವ ಗಳಿಗೆಗೆ ಹಾರಬೇಕು ಎನ್ನುವುದು ಇನ್ನೊಂದು. ಎರಡೂ ಸೇರಿದರೆ ಮ್ಯಾಪ್. ಹದಿನಾರು ಉದ್ದ, ಹದಿನಾರು ಅಡ್ಡ. ಚೌಕಾಬಾರದ ಹಾಗೆ ಕಾಣುತ್ತದೆಂದು ನಾನು ಒಂದೊಂದು ಚೌಕವನ್ನೂ ಮನೆ ಎಂದು ಕರೆಯುತ್ತಿದ್ದೆ. ಕಿಡಿಯ ಕೋಷ್ಟಕದಲ್ಲಿ ಇನ್ನೂರ ಐವತ್ತಾರು ಮನೆ. ಕಿಡಿ ಬೇಗ ಹಾರಿದರೆ ಶಕ್ತಿ ಹೆಚ್ಚು, ತೀರಾ ಬೇಗ ಹಾರಿದರೆ ಎಂಜಿನ್ ಒಳಗೊಳಗೇ ಕುಟ್ಟಿಕೊಂಡು ಪಿಸ್ಟನ್ ಒಡೆದುಕೊಳ್ಳುತ್ತದೆ. ತಡವಾಗಿ ಹಾರಿದರೆ ಕಾರು ಸೋಮಾರಿಯಾಗುತ್ತದೆ, ಎಂಜಿನ್ ಮಾತ್ರ ಉಳಿಯುತ್ತದೆ.

ಅಷ್ಟೂ ಮನೆಗಳನ್ನು ತುಂಬಿದವಳು ನಾನು. ಬೆಳಿಗ್ಗೆ ಹಾಲಿನ ಗಾಡಿಗಳು ಹೊರಡುವ ಮೊದಲು ಬಸವಾಪಟ್ಟಣದಿಂದ ಕೆರೆಬಿಳಚಿ ಕಡೆಗೆ ನೀವು ಓಡಿಸುತ್ತಿದ್ದಿರಿ. ನಾನು ಎಡಗಡೆ ಸೀಟಿನಲ್ಲಿ ಲ್ಯಾಪ್‌ಟಾಪನ್ನು ದುಪಟ್ಟಾದಿಂದ ತೊಡೆಗೆ ಬಿಗಿದುಕೊಂಡು, ಎಂಜಿನ್ನಿಗೆ ಕಚ್ಚಿಸಿದ ತಂತಿಯ ಇನ್ನೊಂದು ತುದಿಯ ಹೆಡ್‌ಫೋನನ್ನು ಕಿವಿಗೆ ಹಾಕಿಕೊಂಡು ಕೂರುತ್ತಿದ್ದೆ. ಮೂರನೇ ಗೇರಿನಲ್ಲಿ ನೀವು ಪೂರ್ತಿ ಒತ್ತಿದಾಗ, ತಗಡಿನ ಡಬ್ಬಿಯಲ್ಲಿ ಕಡಲೆಕಾಳು ಅಲ್ಲಾಡಿಸಿದಂಥ ಆ ಕುಟ್ಟುವ ಸದ್ದು ಎಲ್ಲಾದರೂ ಕೇಳಿದರೆ "ಬಿಡ್ರಿ" ಎಂದು ಕೂಗುತ್ತಿದ್ದೆ. ನೀವು ತಕ್ಷಣ ಕಾಲು ತೆಗೆಯುತ್ತಿದ್ದಿರಿ. ನಿಮ್ಮ ಜೀವಮಾನದಲ್ಲಿ ನನ್ನ ಮಾತು ಕೇಳಿದ್ದು ಅಲ್ಲಿ ಮಾತ್ರ. ಸೂಳೆಕೆರೆ ಏರಿಯ ಹತ್ತಿರ ಕಾರು ನಿಲ್ಲಿಸಿ ನೀವು ಮುಖ ತೊಳೆದು ಬರುವಷ್ಟರಲ್ಲಿ ನಾನು ಇಪ್ಪತ್ತು ಮನೆ ತಿದ್ದಿರುತ್ತಿದ್ದೆ. ಆ ಬೆಳಗುಗಳಲ್ಲಿ ನಾನು ಸುಖವಾಗಿದ್ದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಸುಳ್ಳಲ್ಲ.

ಗಿರಾಕಿಗಳು ಬಂದರೆ ಲ್ಯಾಪ್‌ಟಾಪಿನ ಮುಂದೆ ನೀವು, ಚಹಾದ ತಟ್ಟೆ ಹಿಡಿದು ನಾನು. ಯಾರೋ ಒಬ್ಬರು, ಅಕ್ಕೋರಿಗೂ ಇದು ಬರುತ್ತಾ ಎಂದು ಕೇಳಿದಾಗ ನೀವು ಏನಂದಿರಿ, ನೆನಪಿದೆಯಾ? "ಟೈಪ್ ಮಾಡಾಕೆ ಬರ್ತೈತೆ. ನಾನು ಹೇಳಿದ್ದನ್ನ ಬಡೀತಾಳೆ, ಅಷ್ಟೆ." ಡಿಪ್ಲೊಮಾ ಎಲೆಕ್ಟ್ರಾನಿಕ್ಸ್‌ನಲ್ಲಿ ಕಾಲೇಜಿಗೇ ಮೊದಲು ಬಂದವಳು ಅಡುಗೆಮನೆಗೆ ಹೋಗಿ ತಟ್ಟೆ ತೊಳೆದಿಟ್ಟಳು.

ಗ್ಯಾರೇಜಿನ ಬೋರ್ಡಿನಲ್ಲಿ ನನ್ನ ಹೆಸರೂ ಇರಲಿ ಎಂದು ಪ್ರತಿ ವರ್ಷ ಕೇಳಿದೆ. ನಾನು ಕೇಳಿದ್ದು ಅದೊಂದೇ. "ಹೆಸರು ಎಲ್ಲಿಗೂ ಓಡಿ ಹೋಗಲ್ಲ, ಮುಂದಕ್ಕೆ ಹಾಕಾನ" ಎನ್ನುತ್ತಿದ್ದಿರಿ. ಮುಂದಕ್ಕೆ ಹಾಕಾನ. ಈ ಮಾತು ನಿಮ್ಮ ಬಾಯಿಂದ ಎಷ್ಟು ಸಲ ಕೇಳಿದ್ದೇನೆಂದರೆ, ಇಲ್ಲಿ ನ್ಯಾಮತಿಯ ಬಸ್ ನಿಲ್ದಾಣದಲ್ಲಿ ಯಾರಾದರೂ ಹಾಗೆಂದರೆ ಈಗಲೂ ತಿರುಗಿ ನೋಡುತ್ತೇನೆ.

ಮದುವೆಯಾದ ಐದನೇ ವರ್ಷ ನನಗೆ ಎರಡು ತಿಂಗಳು ತುಂಬಿತ್ತು. ನೀವು ಸ್ಪ್ಯಾನರ್ ಒರೆಸುತ್ತಾ, ಮುಖ ನೋಡದೆ ಹೇಳಿದಿರಿ: "ಈಗ ಸೀಸನ್ ಶುರುವಾಗೈತೆ ಕಲ್ಪನಾ. ನೀನು ಮಲಕ್ಕೊಂಡ್ರೆ ಪಕ್ಕದಾಗೆ ಕೂರೋರು ಯಾರು? ಮುಂದಕ್ಕೆ ಹಾಕಾನ." ಮದುವೆ ಮುಂದಕ್ಕೆ ಹಾಕುತ್ತಾರೆ, ಪರೀಕ್ಷೆ ಮುಂದಕ್ಕೆ ಹಾಕುತ್ತಾರೆ. ಹೊಟ್ಟೆಯಲ್ಲಿರುವುದನ್ನು ಮುಂದಕ್ಕೆ ಹಾಕಲು ಬರುವುದಿಲ್ಲ, ತೆಗೆಸಬೇಕು. ದಾವಣಗೆರೆಯಲ್ಲಿ ತೆಗೆಸಿಕೊಂಡು ಬಂದೆ. ನಿಮ್ಮ ಅವ್ವ ಕಸ್ತೂರಮ್ಮನವರಿಗೆ ನೀವು, ತಾನಾಗಿಯೇ ಹೋಯಿತು ಎಂದಿರಿ. "ಗಂಡಸ್ರಂಗೆ ಕಾರಿನಾಗೆ ಕುಂತು ಅಲುಗಾಡಿದ್ರೆ ಇನ್ನೇನಾಗ್ತೈತೆ" ಎಂದು ಅವರು ನನ್ನನ್ನೇ ಬೈದರು. ನೀವು ಪಕ್ಕದಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದಿರಿ. ಒಂದು ವಾರಕ್ಕೆ ನಾನು ಮತ್ತೆ ಎಡಗಡೆ ಸೀಟಿನಲ್ಲಿದ್ದೆ.

ಈಗ ಜಗಳೂರಿಗೆ ಬನ್ನಿ.

ಹೋದ ವರ್ಷ ಮಾರ್ಚ್ ತಿಂಗಳು. ಸೈಟು ಮಾರಾಟವಾಗದೆ ಖಾಲಿ ಬಿದ್ದ ಬಡಾವಣೆ, ನಡುವೆ ನೇರ ಟಾರು ರಸ್ತೆ, ಎಲ್ಲೂ ಒಂದು ಮರವಿಲ್ಲ. ಹಾಲಸ್ವಾಮಿಯವರು ಹೊನ್ನಾಳಿ ಗ್ಯಾರೇಜಿನ ಕಾಗದ ಪತ್ರಗಳನ್ನು ಚೀಲದಲ್ಲಿ ಹಿಡಿದೇ ಬಂದಿದ್ದರು, ಗೆದ್ದ ಮೇಲೆ ಅಲ್ಲೇ ಸಹಿ. ಅದರಲ್ಲಾದರೂ ನನ್ನ ಹೆಸರು ಸೇರಿಸಿ ಎಂದು ನಿಮ್ಮನ್ನು ಪಕ್ಕಕ್ಕೆ ಕರೆದು ಕೇಳಿದೆ. ನೀವು ಆಚೆ ಈಚೆ ನೋಡಿ, ನಗುತ್ತಾ, ಅದೇ ಮಾತು ಹೇಳಿದಿರಿ.

ಅದಾಗಿ ಒಂದು ಗಂಟೆಯೂ ಆಗಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಎಂಜಿನ್ನಿಗೆ ಹೋಗುವ ಗಾಳಿಯೇ ಕಾದಿತ್ತು. ಕಾದ ಗಾಳಿಗೆ ಕಿಡಿಯನ್ನು ತಡಮಾಡಬೇಕು, ಇದು ನಿಮಗೂ ಗೊತ್ತಿತ್ತು. ಹಾಲಸ್ವಾಮಿಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವರಿಗೆ ಕೇಳಲೆಂದು ಗಟ್ಟಿಯಾಗಿ ನನಗೆ ಹೇಳಿದಿರಿ: "ಬಿಸಿಲು ಸುಡ್ತಾ ಐತೆ. ಕಿಡೀನ ಮೂರು ಡಿಗ್ರಿ ಮುಂದಕ್ಕೆ ಹಾಕು."

ಮನೆಯಲ್ಲಿ, ಊರಲ್ಲಿ, ಮುಂದಕ್ಕೆ ಹಾಕುವುದು ಎಂದರೆ ತಡಮಾಡುವುದು. ಗ್ಯಾರೇಜಿನಲ್ಲಿ ಅದೇ ಮಾತು ಉಲ್ಟಾ. ಹಳೆಯ ಕಾರುಗಳ ಟೈಮಿಂಗನ್ನು ಕೈಯಲ್ಲೇ ತಿರುಗಿಸುತ್ತಿದ್ದ ಕಾಲದಿಂದ ನಮ್ಮ ಮೇಸ್ತ್ರಿ ಮೈಲಾರಿಗೆ ಮುಂದಕ್ಕೆ ಎಂದರೆ ಕಿಡಿ ಬೇಗ, ಹಿಂದಕ್ಕೆ ಎಂದರೆ ಕಿಡಿ ತಡ. ನೀವು ಹೇಳಿದ್ದು ಮನೆಯ ಮಾತಿನಲ್ಲಿ, ನಾನು ಮಾಡಿದ್ದು ಗ್ಯಾರೇಜಿನ ಮಾತಿನಲ್ಲಿ. ಮನೆಯ ಅಂಕಿ ಡಿಗ್ರಿಯಲ್ಲಿರುತ್ತದೆ, ಅಂಕಿ ದೊಡ್ಡದಾದಷ್ಟೂ ಕಿಡಿ ಬೇಗ. ಹದಿನೆಂಟು ಇದ್ದ ಮನೆಗಳು ಹದಿನೈದಾಗಬೇಕಿತ್ತು. ಇಪ್ಪತ್ತೊಂದಾದವು.

ಓಟಕ್ಕೆ ನೀವೊಬ್ಬರೇ ಕಾರು ಹತ್ತಿ ಹೊರಟಿರಿ. ಸೂಪರ್‌ಚಾರ್ಜರಿನ ಸಿಳ್ಳೆ ಏರುತ್ತಾ ಹೋಗಿದ್ದು ಕೇಳಿದೆ. ಆಮೇಲೆ ಕಡಲೆಕಾಳಿನ ಸದ್ದು. ಹೆಡ್‌ಫೋನ್ ಇಲ್ಲದೆ, ರಸ್ತೆಯ ಬದಿಯಲ್ಲಿ ನಿಂತವಳಿಗೂ ಕೇಳಿಸಿತು. ಬಿಡ್ರಿ ಎಂದು ಕೂಗಲು ಬಾಯಿ ತೆರೆದೆ, ಕೂಗಲಿಲ್ಲ. ಹೊಗೆ ಎದ್ದಿತು, ಕಾರು ಬದಿಗೆ ಸರಿದು ನಿಂತಿತು, ನೀವು ಕೆಮ್ಮುತ್ತಾ ಇಳಿದಿರಿ. ಒಡೆಯುವುದು ಪಿಸ್ಟನ್, ನೀವಲ್ಲ ಎಂದು ನನಗೆ ಗೊತ್ತಿತ್ತು. ಹಾಗೆಂದು ಈಗ ಬರೆಯುತ್ತಿದ್ದೇನೆ. ಆವತ್ತು ಅಷ್ಟು ಯೋಚಿಸಿದ್ದೆನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ.

ಹಾಲಸ್ವಾಮಿಯವರು ಚೀಲವನ್ನು ಕಂಕುಳಿಗೆ ಸೇರಿಸಿಕೊಂಡರು. ಅಷ್ಟು ಜನರ ಎದುರು ನೀವು ನನ್ನ ತಲೆಯ ಮೇಲೆ ಕೈಯಿಟ್ಟು, "ಹೆಣ್ಮಗಳು, ಮುಂದಕ್ಕೆ ಅಂದ್ರೆ ಯಾವ್ದು ಹಿಂದಕ್ಕೆ ಅಂದ್ರೆ ಯಾವ್ದು ತಿಳೀಲಿಲ್ಲ, ಬಿಡ್ರಿ" ಎಂದಿರಿ. ಎಲ್ಲರೂ ನಕ್ಕರು. ಮೈಲಾರಿ ಒಬ್ಬ ನಗಲಿಲ್ಲ. ನಿಮಗಿಂತ ಹತ್ತು ವರ್ಷ ದೊಡ್ಡವನಾದರೂ ನಿಮ್ಮನ್ನು ಅಣ್ಣ ಎನ್ನುತ್ತಿದ್ದ ಮನುಷ್ಯ. "ಅಣ್ಣಾ, ನಮ್ ಗ್ಯಾರೇಜಿನಾಗೆ ಮುಂದಕ್ಕೆ ಅಂದ್ರೆ ಬೇಗ ಅಂತಾನೇ ಅಲ್ಲೇನು? ಅಕ್ಕೋರ್ದೇನು ತಪ್ಪೈತೆ? ನೀವು ಹೇಳಿದ್ದೇ ತಪ್ಪು" ಎಂದ. ನೀವು ಅವನ ಕೆನ್ನೆಗೆ ಹೊಡೆದಿರಿ. ಹದಿನಾಲ್ಕು ವರ್ಷ ದುಡಿದವನನ್ನು, ಚನ್ನಗಿರಿಗೆ ವಾಪಸ್ ಬರುವ ಗಾಡಿಯಲ್ಲಿ ಕೂಡ ಹತ್ತಿಸಿಕೊಳ್ಳಲಿಲ್ಲ.

ನಾನು ಅಲ್ಲೇ ನಿಂತಿದ್ದೆ. ಒಂದು ಮಾತು ಆಡಿದ್ದರೆ ಅವನು ಉಳಿಯುತ್ತಿದ್ದ. ಆಡಲಿಲ್ಲ.

ಅವನೀಗ ಹೊನ್ನಾಳಿ ಸೇತುವೆಯ ಹತ್ತಿರ ಪಂಕ್ಚರ್ ಹಾಕುತ್ತಾನೆ. ನಾನು ಆ ಕಡೆ ಹೋದಾಗಲೆಲ್ಲ ಸ್ಟೂಲು ಒರೆಸಿ ಕೂರಿಸುತ್ತಾನೆ. "ನಿಮ್ದೇನೂ ತಪ್ಪಿರ್ಲಿಲ್ಲ ಬಿಡ್ರಿ ಅಕ್ಕೋರೆ" ಎಂದು ಪ್ರತಿ ಸಲವೂ ಹೇಳುತ್ತಾನೆ. ನಾನು ಅವನ ಚಹಾ ಕುಡಿದು ಎದ್ದು ಬರುತ್ತೇನೆ. ನನ್ನನ್ನು ಒಳ್ಳೆಯವಳು ಎಂದು ತಿಳಿಯಬೇಡಿ, ಹಾಗೆ ತಿಳಿಯಲು ನಿಮಗೂ ಅವನಿಗೂ ಕಾರಣವಿಲ್ಲ. ಅವನಿಗೆ ಅದು ಗೊತ್ತಿಲ್ಲ, ಅಷ್ಟೆ.

ರುದ್ರಮುನಿಯವರೇ, ನಾನು ತಪ್ಪು ತಿಳಿದುಕೊಳ್ಳಲಿಲ್ಲ. ನಿಮ್ಮ ಬಾಯಲ್ಲಿ ಮುಂದಕ್ಕೆ ಹಾಕುವುದು ಎಂದರೆ ಏನು ಎಂದು ಈ ಭೂಮಿಯ ಮೇಲೆ ನನಗಿಂತ ಚೆನ್ನಾಗಿ ತಿಳಿದವರು ಯಾರೂ ಇಲ್ಲ. ದಾವಣಗೆರೆಯ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಲಿತದ್ದು ಅದು. ಇಪ್ಪತ್ತೊಂದು ಎಂದು ತಿಳಿದೇ ಒತ್ತಿದೆ. ನಿಮಗೆ ಇಷ್ಟು ದಿನವೂ ಒಂದು ಅನುಮಾನ ಬರಲಿಲ್ಲವಲ್ಲ, ಅದು ನನಗೆ ಎಲ್ಲಕ್ಕಿಂತ ಹೆಚ್ಚು ಉರಿಯುತ್ತದೆ. ಬೇಕೆಂದೇ ಮಾಡಿದಳು ಎಂದು ಅನುಮಾನಿಸಬೇಕಾದರೆ, ಅವಳಿಗೆ ಕೆಲಸ ಗೊತ್ತು ಎಂದು ಮೊದಲು ಒಪ್ಪಬೇಕು. ಅದನ್ನು ಒಪ್ಪುವುದಕ್ಕಿಂತ ಎಂಜಿನ್ ಕಳೆದುಕೊಳ್ಳುವುದೇ ನಿಮಗೆ ಹಗುರವಾಯಿತು.

ಆದ್ದರಿಂದ ನಿಮ್ಮ ಕ್ಷಮೆಯನ್ನು ಈ ಲಕೋಟೆಯಲ್ಲೇ ವಾಪಸ್ ಕಳಿಸುತ್ತಿದ್ದೇನೆ. ನನಗೆ ಬೇಡ. ಬೇಕಿದ್ದರೆ ಹೊನ್ನಾಳಿಗೆ ಹೋಗಿ ಮೈಲಾರಿಯ ಕಾಲು ಹಿಡಿದು ನೀವು ಕೇಳಿಕೊಳ್ಳಿ. ನಾನೂ ಒಂದು ದಿನ ಕೇಳಬೇಕು, ನನ್ನದು ಬೇರೆ.

"ಈ ಸಲ ಗೆದ್ದರೆ ಬೋರ್ಡಿನಾಗೆ ನಿನ್ನ ಹೆಸರು ಹಾಕಿಸೋದು ನೋಡಾನ" ಎಂದೂ ಬರೆದಿದ್ದೀರಿ. ನೋಡುವುದು ಬೇಡ. ಇಲ್ಲಿ ನನ್ನ ಬಾಗಿಲಿನ ಮೇಲೆ ಬೋರ್ಡ್ ಇದೆ, ಒಂದೇ ಹೆಸರು. ಶಿವಮೊಗ್ಗದಿಂದ, ಹುಬ್ಬಳ್ಳಿಯಿಂದ ಕಾರುಗಳು ಬರುತ್ತವೆ. ಚಹಾ ಪಕ್ಕದ ಹೋಟೆಲಿನಿಂದ ಬರುತ್ತದೆ.

ಆದರೂ ನೀವು ಕೇಳಿದ ಫೈಲ್ ಕಳಿಸಿದ್ದೇನೆ. ಕಾಗದದ ಮಡಿಕೆಯೊಳಗೆ ಪೆನ್‌ಡ್ರೈವ್ ಇದೆ. ಪಾಸ್‌ವರ್ಡ್ 09112021. ನಾನು ಒತ್ತುವಾಗ ನೀವು ಎಷ್ಟೋ ಸಲ ಪಕ್ಕದಲ್ಲೇ ನಿಂತಿದ್ದಿರಿ. ಅದು ದಾವಣಗೆರೆಗೆ ಹೋದ ದಿನದ ತಾರೀಕು ಎಂದು ನಿಮಗೆ ಒಮ್ಮೆಯೂ ಹೊಳೆಯಲಿಲ್ಲ. ಇನ್ನು ಮೇಲೆ ಕಾರಿಗೆ ಕೈ ಹಚ್ಚುವಾಗಲೆಲ್ಲ ನೀವೇ ಒತ್ತಬೇಕು.

ಇಂತು,
ಆ ಮ್ಯಾಪ್ ಬರೆದ ಕಲ್ಪನಾ

ಮರೆತಿದ್ದೆ: ಲಕೋಟೆ ಅಂಟಿಸುವ ಮೊದಲು ಫೈಲನ್ನು ಮತ್ತೊಮ್ಮೆ ತೆರೆದು ಕೂತಿದ್ದೆ. ಕಿಡಿಯ ಕೋಷ್ಟಕದಲ್ಲಿ ಇನ್ನೂರ ಐವತ್ತೈದು ಮನೆ ಸರಿಯಾಗಿವೆ. ಒಂದು ಮನೆಯ ಅಂಕಿಯನ್ನು ಬದಲಾಯಿಸಿದ್ದೇನೆ. ಬದಲಾಯಿಸದೆ ಸುಮ್ಮನೆ ಹೆದರಿಸುತ್ತಲೂ ಇರಬಹುದು. ಮ್ಯಾಪ್ ಮುನಿಗೆ ತೆರೆದು ನೋಡಿದರೆ ತಿಳಿದೀತು. ಬೇರೆಯವರಿಗೆ ತೋರಿಸಿದರೆ, ನಿಮಗೆ ಓದಲು ಬರುವುದಿಲ್ಲವೆಂದು ಹಾಲಸ್ವಾಮಿಯವರಿಗೆ ತಿಳಿದೀತು. ಯಾವ ಮನೆ ಎಂದು ನಾನೇ ಹೇಳುತ್ತಿದ್ದೆ, ಆದರೆ ಸದ್ಯಕ್ಕೆ ಅದನ್ನು ಮುಂದಕ್ಕೆ ಹಾಕಿದ್ದೇನೆ.