ಒಂದು ಚಿಟಿಕೆ ಹಿಟ್ಟು ಸಾಕಿತ್ತು, ಅತ್ತೆ

ಅತ್ತೆಯವರಿಗೆ, ದೂರದಿಂದಲೇ ನಿಮ್ಮ ಕಾಲು ಮುಟ್ಟಿ ಬರೆಯುತ್ತಿರುವ ಕಾಗದ ಇದು.

ಕವರು ನೋಡಿ ಗಾಬರಿಯಾಗಬೇಡಿ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮ ಮಗ ಎಂದಿನಂತೆ ಗೊಣಗಿಕೊಂಡು ಆರೋಗ್ಯವಾಗಿದ್ದಾರೆ, ಬೇಕರಿಯೂ ನಡೆಯುತ್ತಿದೆ. ಗಾಬರಿಯಾಗಿರುವುದು ನಾನೊಬ್ಬಳೇ. ಕೆಲವು ವಾರದಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಮೊದಲು ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದನ್ನು ನೀವು ಓದಿದರೂ ಸರಿ, ಬಿಟ್ಟರೂ ಸರಿ. ಅತ್ತೆ, ಹದಿನೆಂಟು ವರ್ಷದ ಹಿಂದೆ ನಿಮಗೆ ತಲೆ ಕೆಟ್ಟಿರಲಿಲ್ಲ. ಕನ್ನಡಕ ಹಾಕಿಕೊಂಡು ಈ ಸಾಲನ್ನು ಇನ್ನೊಂದು ಸಲ ಓದಿ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀರಿ. ನಾನು ಬಾಯಿ ತೆರೆಯುವ ಮೊದಲೇ ನೀವು "ಇರ್ಲಿ ಬಿಡಮ್ಮ, ಎಲ್ಲಾ ಹಳೇ ಕತೆ" ಎಂದುಬಿಡುತ್ತೀರಿ, ನಾನು ಹೂಂ ಎಂದು ಬೇಕರಿಯ ಸುದ್ದಿಗೆ ಜಾರಿಕೊಳ್ಳುತ್ತೇನೆ. ಇಷ್ಟು ವರ್ಷ ನಾವಿಬ್ಬರೂ ಮಾಡಿದ್ದು ಅದನ್ನೇ. ಕಾಗದದ ಬಾಯಿ ಮುಚ್ಚಿಸಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮತ್ತೆ ಮೊನ್ನೆ ಶುಕ್ರವಾರ ನಾದಿನಿ ಹೇಳಿದ ಮಾತು ಕೇಳಿದ ಮೇಲೆ ಬರೆಯದೆ ಇರಲು ಆಗಲಿಲ್ಲ. ಅವಳ ಮನೆಗೆ ಹೋದಾಗಿನಿಂದ ನೀವು ಒಂದೇ ಒಂದು ದಿನವೂ ಒಲೆ ಹಚ್ಚಿಲ್ಲವಂತೆ! ಅವಳು ಕೆಲಸದಿಂದ ಬರುವವರೆಗೆ ಫ್ಲಾಸ್ಕಿನಲ್ಲಿ ಆರಿಹೋದ ಚಹಾ ಕುಡಿದುಕೊಂಡು ಇರುತ್ತೀರಂತೆ. ಈ ಊರಿಗೆಲ್ಲ ಬ್ರೆಡ್ಡು ಬೇಯಿಸಿಕೊಟ್ಟ ಹೆಂಗಸು ನೀವು.

ಹೇಗೆ ಶುರುವಾಯಿತೆಂದು ಹೇಳುತ್ತೇನೆ. ಎರಡು ತಿಂಗಳ ಹಿಂದೆ ನಾನು ಭಟ್ಟಿಗೆ ಹಾಕಿದ ಒಂದು ಸುತ್ತು ಬ್ರೆಡ್ಡು ಹೊಟ್ಟೆಯಲ್ಲಿ ಹಸಿಹಸಿಯಾಗಿ ಹೊರಬಂತು. ಮರುವಾರ ಮತ್ತೊಮ್ಮೆ. ನನಗೆ ಕೆಂಡದಂಥ ಕೋಪ. ಭಟ್ಟಿಯ ಬಾಯಿಗೆ ಕೆನ್ನೆ ಕೊಟ್ಟು ನೋಡಿಯೇ ಒಳಗೆ ಹಾಕಿದ್ದೆ, ನೀವು ಕಲಿಸಿದ ಹಾಗೆಯೇ: ಎಡಗೆನ್ನೆ, ಒಂದು ಮೊಳ ದೂರ, ಮೂರು ಎಣಿಸುವಷ್ಟರಲ್ಲಿ ಮುಖ ಹಿಂದೆ ಬಂದರೆ ಬ್ರೆಡ್ಡು, ಐದು ಎಣಿಸಲು ಆದರೆ ರಸ್ಕು. ನಿಮ್ಮ ಮಗ ಬಿಸಿ ಅಳೆಯುವ ಮುಳ್ಳು ತಂದು ಕೂರಿಸೋಣವೆಂದು ಎಷ್ಟು ಸಲ ಹೇಳಿದ್ದರು! "ನನ್ನ ಕೆನ್ನೆಗಿಂತ ನಿಮ್ಮ ಮುಳ್ಳು ಹೆಚ್ಚಾ?" ಎಂದು ಅವರ ಬಾಯಿ ಮುಚ್ಚಿಸಿದವಳು ನಾನೇ. ಹಾಗಾಗಿ ತಪ್ಪು ಭಟ್ಟಿಯದೇ ಎಂದು ತೀರ್ಮಾನಿಸಿ ಮೇಸ್ತ್ರಿಯನ್ನು ಕರೆಸಿದೆ. ಅವನು ಒಳಗೆ ತಲೆ ಹಾಕಿ ಒಂದೊಂದು ಇಟ್ಟಿಗೆ ತಟ್ಟಿ ನೋಡಿದ. ಎಲ್ಲೂ ಬಿರುಕಿಲ್ಲ. ಹೊರಗೆ ಬಂದು ಮೈ ಕೊಡವಿಕೊಂಡು, "ಅಮ್ಮಾ, ಭಟ್ಟಿ ಗಟ್ಟಿಮುಟ್ಟಾಗಿದೆ. ನಿಮ್ಮ ಮುಖಾನೇ ಕೆಂಪಗಾಗಿದೆ, ಒಮ್ಮೆ ಡಾಕ್ಟ್ರ ಹತ್ರ ಹೋಗಿ ಬನ್ನಿ" ಎಂದ. ನಾನು ಅವನ ಮೇಲೆ ರೇಗಿದೆ. ರೇಗುತ್ತಿರುವಾಗಲೇ ಎದೆಯಿಂದ ಒಂದು ಝಳ ಎದ್ದು ಕುತ್ತಿಗೆ, ಕಿವಿ, ನೆತ್ತಿಯವರೆಗೆ ಏರಿತು. ಭಟ್ಟಿ ಆರಿ ಎರಡು ದಿನವಾಗಿತ್ತು ಅತ್ತೆ. ಒಳಗೆ ಒಂದು ಕೆಂಡವೂ ಇರಲಿಲ್ಲ.

ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವಳು. ಎಲ್ಲ ಕೇಳಿಸಿಕೊಂಡು ನಗುತ್ತಾ, "ಮುಟ್ಟು ನಿಲ್ಲೋ ಕಾಲ ಅಮ್ಮ ಇದು. ಇದು ಕಾಯಿಲೆ ಅಲ್ಲ. ಮೈ ಇದ್ದಕ್ಕಿದ್ದ ಹಾಗೆ ಬಿಸಿಯಾಗತ್ತೆ, ಬೆವರತ್ತೆ, ಎದೆ ಡವಡವ ಅನ್ನತ್ತೆ, ಐದು ನಿಮಿಷಕ್ಕೆ ಇಳಿಯತ್ತೆ" ಎಂದಳು. ಮಾತ್ರೆ ಕೊಡು ತಾಯಿ ಎಂದೆ. ಹಿಂದೆ ನನ್ನ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಲ್ಲ, ಆ ಕಾರಣಕ್ಕೆ ಇದರ ಮಾತ್ರೆ ನನಗೆ ಬೇಡವೆಂದಳು. "ಮಾತ್ರೆ ಇಲ್ದೇನೂ ನಿಭಾಯಿಸಬಹುದು, ಇದನ್ನ ಓದ್ಕೊಳ್ಳಿ" ಎಂದು ಒಂದು ಹಾಳೆ ಕೈಗಿಟ್ಟಳು. ಮಾತ್ರೆಯೂ ಇಲ್ಲದ ಮೇಲೆ ಫೀಸು ಯಾಕೆ ಎಂದು ಮನಸ್ಸಿನಲ್ಲೇ ಬೈದುಕೊಂಡು ಆಚೆ ಬಂದೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಆ ಹಾಳೆ ಓದಿದೆ.

ಝಳ ಬಂದಾಗ ಮಣಿಕಟ್ಟುಗಳನ್ನು ತಣ್ಣೀರಿನ ನಲ್ಲಿಯ ಕೆಳಗೆ ಹಿಡಿಯಿರಿ ಎಂದು ಬರೆದಿತ್ತು. ನೀವು ಕೆಲಸದ ನಡುವೆ ಎದ್ದು ಹೋಗಿ ನಲ್ಲಿಯ ಕೆಳಗೆ ಎರಡೂ ಕೈ ಹಿಡಿದು ಸುಮ್ಮನೆ ನಿಂತಿರುತ್ತಿದ್ದಿರಿ, ನೆನಪಿದೆಯಾ? "ನೀರು ಹಾಳು ಮಾಡ್ತಾರೆ, ಏನಾಗಿದೆ ಇವರಿಗೆ" ಎಂದು ನಾನು ಒಳಗಿನಿಂದ ಕೂಗುತ್ತಿದ್ದೆ. ಸಡಿಲವಾದ ಹತ್ತಿ ಬಟ್ಟೆ ಹಾಕಿ, ಬೇಕೆಂದಾಗ ತೆಗೆಯಲು ಬರುವಂಥ ಮೇಲಂಗಿ ಇರಲಿ ಎಂದಿತ್ತು. ನೀವು ಮಾವನವರ ಹಳೆಯ ಶರಟು ಹಾಕಿಕೊಂಡು ಗುಂಡಿ ಹಾಕುತ್ತಾ ಬಿಚ್ಚುತ್ತಾ ಇರುತ್ತಿದ್ದಿರಿ, ಕೆಲಸದವರೆಲ್ಲ ಮುಸಿಮುಸಿ ನಗುತ್ತಿದ್ದರು, ನಾನೂ ಅವರ ಜೊತೆ ನಕ್ಕಿದ್ದೇನೆ. ಬಿಸಿ ಚಹಾ ಬೇಡ ಎಂದಿತ್ತು. ನೀವು ಚಹಾವನ್ನು ಆರಿಸಿ ಆರಿಸಿ, ಕೆನೆ ಕಟ್ಟಿದ ಮೇಲೆ ಕುಡಿಯುತ್ತಿದ್ದಿರಿ. ಇನ್ನು ಆ ಕೊನೆಯದು, ಅತ್ತೆ! ತಂಪಾದ ಜಾಗದಲ್ಲಿ ಕೂತು, ಮನಸ್ಸಿನಲ್ಲಿ ಎಣಿಸುತ್ತಾ ನಿಧಾನವಾಗಿ ಉಸಿರಾಡಿ ಎಂದಿತ್ತು. ನೀವು ಹಿಟ್ಟಿನ ಕೋಣೆಯಲ್ಲಿ ಮೂಟೆಗಳ ಮೇಲೆ ಕೂತು ಕಣ್ಣುಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಿರಿ. ನಾನು ಬಾಗಿಲ ಸಂದಿನಿಂದ ನೋಡಿ, ಓಡಿಹೋಗಿ ನಿಮ್ಮ ಮಗನಿಗೆ ಹೇಳಿದೆ, "ನಿಮ್ಮಮ್ಮ ಒಬ್ಬರೇ ಮಾತಾಡ್ತಾರೆ ರೀ" ಎಂದು. ನೀವು ಎಣಿಸುತ್ತಿದ್ದಿರಿ. ಬರೀ ಎಣಿಸುತ್ತಿದ್ದಿರಿ!

ಇದನ್ನೆಲ್ಲ ನಿಮಗೆ ಯಾರು ಹೇಳಿಕೊಟ್ಟರು? ಯಾವ ಡಾಕ್ಟರೂ ಹಾಳೆ ಕೊಟ್ಟಿರಲಿಲ್ಲ. ಬೆಂಕಿಯ ಎದುರು ನಿಂತು, ಒಳಗೂ ಬೆಂಕಿ ಇಟ್ಟುಕೊಂಡು, ಒಂದೊಂದನ್ನೂ ನೀವೇ ಕಂಡುಕೊಂಡಿರಿ. ನಾವು ಅದರಲ್ಲಿ ಒಂದೊಂದನ್ನೂ ನಿಮ್ಮ ಹುಚ್ಚಿನ ಸಾಕ್ಷಿಯೆಂದು ಎತ್ತಿಟ್ಟುಕೊಂಡೆವು. ಮೆಟ್ಟಿಲ ಮೇಲೆ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತುಬಿಟ್ಟೆ. ಹೋಗುವವರು ಬರುವವರು ಈಕೆಗೆ ದೊಡ್ಡ ಕಾಯಿಲೆಯೇ ಬಂದಿರಬೇಕೆಂದು ಪಾಪ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಆ ದಿನದ ವಿಷಯ ಬರೆಯದೆ ವಿಧಿಯಿಲ್ಲ. ಶಾಲೆಗೆ ಹೋಗಬೇಕಿದ್ದ ಮುನ್ನೂರು ಬನ್ನು. ನೀವು ಕೆನ್ನೆ ಕೊಟ್ಟು ನೋಡಿ "ಕಾದಿದೆ, ಹಾಕಿ" ಎಂದಿರಿ. ಕಾದಿದ್ದು ನಿಮ್ಮ ಕೆನ್ನೆ, ಭಟ್ಟಿಯಲ್ಲ. ಮುನ್ನೂರೂ ಬಿಳುಚಿಕೊಂಡು, ಅಂಟಂಟಾಗಿ ಹೊರಬಂದವು. ಆ ತಿಂಗಳಲ್ಲಿ ಅದು ನಾಲ್ಕನೇ ಸಲ. ನನಗಾಗ ಮೂವತ್ತಮೂರು, ಎಲ್ಲ ಗೊತ್ತು ಎನ್ನುವ ವಯಸ್ಸು. ನಾಲ್ಕು ಜನ ಕೆಲಸದವರ ಎದುರು, ನಿಮ್ಮ ಮಗನ ಎದುರು ಹೇಳಿದೆ: "ಇವರಿಗೆ ತಲೆ ಕೆಟ್ಟಿದೆ. ಇನ್ಮೇಲೆ ಇವರನ್ನ ಬೆಂಕಿ ಹತ್ರ ಬಿಡಬೇಡಿ." ನಿಮ್ಮ ಮಗ ನೆಲ ನೋಡುತ್ತಾ ನಿಂತರು. ನೀವು ಸೊಂಟಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ, ಮಡಿಸಿ, ಹಲಗೆಯ ಮೇಲಿಟ್ಟು ಹೋದಿರಿ. ಎಸೆದಿದ್ದರೆ ಚೆನ್ನಾಗಿತ್ತು. ತಿಂಗಳಾದ ಮೇಲೆ ಮಗಳ ಮನೆಗೆ ನಾಲ್ಕು ದಿನ ಹೋಗಿ ಬರುತ್ತೇನೆ ಎಂದಿರಿ, ಬರಲೇ ಇಲ್ಲ. ನಿಜ ಹೇಳಲಾ? ನನಗೆ ಆಗ ನಿರಾಳವಾಗಿತ್ತು. ಭಟ್ಟಿ ನನ್ನದಾಯಿತಲ್ಲ ಎಂದು ಒಳಗೊಳಗೇ ಖುಷಿಯೂ ಆಗಿತ್ತು. ಸುಳ್ಳು ಬರೆಯಬಾರದೆಂದೇ ಪೆನ್ನು ಹಿಡಿದಿದ್ದೇನೆ.

ಈಗ ನನ್ನ ಅವಸ್ಥೆ ಕೇಳಿ, ಬೇಕಾದರೆ ನಕ್ಕುಬಿಡಿ. ನಲ್ಲಿಯ ಕೆಳಗೆ ಕೈ ಹಿಡಿದು ನಿಲ್ಲುತ್ತೇನೆ. ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿಕೊಳ್ಳುತ್ತೇನೆ. ಯಾವಾಗ ಝಳ ಬಂತು, ಅದಕ್ಕೆ ಮುಂಚೆ ಏನು ತಿಂದೆ, ಯಾರ ಮೇಲೆ ರೇಗಿದೆ ಎಂದು ಒಂದು ಪುಸ್ತಕದಲ್ಲಿ ಬರೆಯುತ್ತೇನೆ. ಖಾರ ತಿಂದರೆ ಒಂದು ಸಲ ಹೆಚ್ಚು ಬರುತ್ತದೆ, ನಿಮ್ಮ ಮಗನ ಜೊತೆ ಜಗಳವಾಡಿದರೆ ಎರಡು ಸಲ. ಅದನ್ನು ಅವರಿಗೆ ಓದಿ ಹೇಳಿದ ಮೇಲೆ ಮನುಷ್ಯ ಗೊಣಗುವುದನ್ನು ಅರ್ಧಕ್ಕೆ ಇಳಿಸಿದ್ದಾರೆ. ಸಂಜೆ ನನ್ನ ಜೊತೆ ನಡೆಯಲು ಬರುತ್ತಾರೆ, ಕೈಯಲ್ಲಿ ಒಂದು ರಟ್ಟು ಹಿಡಿದುಕೊಂಡು; ನಾನು ನಿಂತರೆ ಅವರೂ ನಿಂತು ಗಾಳಿ ಬೀಸುತ್ತಾರೆ. ಬೀದಿಯವರೆಲ್ಲ ನೋಡುತ್ತಾರೆ, ಮಹಾರಾಯರಿಗೆ ನಾಚಿಕೆಯೇ ಇಲ್ಲ! ಝಳ ಪೂರ್ತಿ ಹೋಗಿಲ್ಲ. ದಿನಕ್ಕೆ ಹನ್ನೆರಡು ಬರುತ್ತಿದ್ದದ್ದು ಏಳೆಂಟಕ್ಕೆ ಇಳಿದಿದೆ. ಬಂದರೂ ಈಗ ಹೆದರಿಕೆಯಿಲ್ಲ, ಬಂತು, ಕೂತಿತು, ಎದ್ದು ಹೋಯಿತು.

ಭಟ್ಟಿಗೆ ಮಾತ್ರ ಕೆನ್ನೆ ಕೊಡುವುದನ್ನು ಬಿಟ್ಟೆ. ಹೇಗೆ ನೋಡುತ್ತೇನೆ ಗೊತ್ತಾ? ಒಂದು ಚಿಟಿಕೆ ಹಿಟ್ಟನ್ನು ಒಳಗಿನ ಕಲ್ಲಿನ ಮೇಲೆ ಎಸೆದು ಎಣಿಸುತ್ತೇನೆ. ಹತ್ತಕ್ಕೆ ಮುಂಚೆ ಕಪ್ಪಾದರೆ ಬಿಸಿ ಹೆಚ್ಚು. ಇಪ್ಪತ್ತರ ಹೊತ್ತಿಗೆ ಕಂದು ಬಣ್ಣಕ್ಕೆ ಬಂದರೆ ಸರಿ. ಮೂವತ್ತಾದರೂ ಬೆಳ್ಳಗೇ ಇದ್ದರೆ ಇನ್ನೂ ಕಾಯಬೇಕು. ಇಷ್ಟೇ ಅತ್ತೆ. ಹದಿನೆಂಟು ವರ್ಷದ ಹಿಂದೆ ನಮಗೆ ಬೇಕಾಗಿದ್ದದ್ದು ಒಂದು ಚಿಟಿಕೆ ಹಿಟ್ಟು. ಹಿಟ್ಟಿನ ಮೂಟೆಗಳ ನಡುವೆಯೇ ನಿಂತು ನಾನು ನಿಮ್ಮನ್ನು ಕಳಿಸಿಬಿಟ್ಟೆ.

ಹೋದ ಬುಧವಾರ ಬೆಳಗಿನ ಕೆಲಸ ಮುಗಿದ ಮೇಲೆ ಎಲ್ಲರನ್ನೂ ನಿಲ್ಲಿಸಿ, ಅದೇ ಜಾಗದಲ್ಲಿ ಹೇಳಿದೆ: ಅತ್ತೆಗೆ ಹುಚ್ಚು ಹಿಡಿದಿರಲಿಲ್ಲ, ಹೆಂಗಸರಿಗೆಲ್ಲ ಬರುವುದೇ ಬಂದಿತ್ತು, ನನಗೂ ಬಂದಿದೆ, ಅವತ್ತು ನಾನು ಹೇಳಿದ್ದು ತಪ್ಪು ಎಂದು. ಹೊಸಬರಿಗೆ ತಲೆಬುಡ ತಿಳಿಯಲಿಲ್ಲ. ಹಿಟ್ಟು ನಾದುವ ನಮ್ಮ ಹಿಟ್ಟಣ್ಣ, ಅವತ್ತೂ ಇದ್ದವನು, ಕೈ ಒರೆಸಿಕೊಳ್ಳುತ್ತಾ, "ನಂಗೆ ಅವತ್ತೇ ಗೊತ್ತಿತ್ತು ಅಮ್ಮಾವ್ರೇ. ನನ್ನ ಹೆಂಡ್ತಿಗೂ ಹೀಗೇ ಆಗ್ತಿತ್ತು" ಎಂದ. ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಮಾರಾಯ ಎಂದರೆ, "ಹೆಂಗಸ್ರ ವಿಷ್ಯ, ನಾನು ಹೇಗೆ ಹೇಳ್ಲಿ? ಒಂದೇ ಮನೇಲಿ ಇಬ್ರು ಹೆಂಗಸ್ರು ಇದೀರ, ನೀವು ನೀವೇ ಮಾತಾಡ್ಕೊಂಡಿರ್ತೀರ ಅಂದ್ಕೊಂಡೆ" ಎಂದ. ಒಂದೇ ಮನೆಯಲ್ಲಿ ಹತ್ತು ವರ್ಷ ಇದ್ದೆವು. ಬನ್ನು, ರಸ್ಕು, ಸೌದೆ, ಸಕ್ಕರೆ ಬಿಟ್ಟು ಬೇರೇನನ್ನು ಮಾತಾಡಿದೆವು ನಾವು?

ಅದಾದ ಮೇಲೇ ನಾನು ಶುಕ್ರವಾರ ನಾದಿನಿಗೆ ಫೋನು ಮಾಡಿದ್ದು. ಅವಳು ಒಲೆಯ ವಿಷಯ ಹೇಳಿ, ಆಮೇಲೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಕೇಳಿದ್ರೆ, ನನ್ನನ್ನ ಬೆಂಕಿ ಹತ್ರ ಬಿಡಬಾರ್ದು ಅಂತ ಹೇಳಿದಾರೆ ಅಂತಾರೆ ಅಮ್ಮ, ಅತ್ತಿಗೆ. ಯಾರು ಹೇಳಿದ್ದಮ್ಮ, ಯಾವ ಡಾಕ್ಟ್ರು ಅಂತ ಎಷ್ಟು ಸಲ ಕೇಳಿದೀನಿ. ಬಾಯೇ ಬಿಡಲ್ಲ."

ಹದಿನೆಂಟು ವರ್ಷ, ಅತ್ತೆ. ಹೆತ್ತ ಮಗಳ ಮನೆಯಲ್ಲಿ ಕೂತು, ಅವಳು ಕೇಳಿ ಕೇಳಿ ಸಾಕಾದರೂ, ನನ್ನ ಹೆಸರು ಎತ್ತಲಿಲ್ಲ. ನಿಮಗೆ ಹುಚ್ಚು ಎಂದವಳ ಮಾನ ಕಾಯ್ದುಕೊಂಡು ಆರಿದ ಚಹಾ ಕುಡಿದಿರಿ. "ಯಾವ ಡಾಕ್ಟ್ರೂ ಅಲ್ಲ ಕಣೇ, ನಾನು" ಎಂದೆ. ಅವಳು ಫೋನು ಇಟ್ಟಳು. ಇವತ್ತಿನವರೆಗೂ ನನ್ನ ಫೋನು ಎತ್ತಿಲ್ಲ. ಎತ್ತದಿರುವುದೇ ನ್ಯಾಯ. ಅವಳನ್ನು ಬೈಯಬೇಡಿ, ಅವಳ ಮನಸ್ಸು ತಿರುಗಿಸಲೂ ಹೋಗಬೇಡಿ.

ಭಾನುವಾರ ಬೆಳಿಗ್ಗೆ ಹತ್ತರ ಬಸ್ಸಿಗೆ ಬರುತ್ತೇನೆ. ನಿಮ್ಮ ಮಗನೂ ಬರುತ್ತಾರೆ, ಅವತ್ತು ನೆಲ ನೋಡಿದ್ದಕ್ಕೆ ಅವರೂ ಹೇಳಬೇಕಾದ್ದಿದೆ. ಬೇಕರಿಗೆ ವಾಪಸು ಬನ್ನಿ ಎಂದು ಕೇಳಲು ನನಗೆ ಮುಖವಿಲ್ಲ, ಕ್ಷಮಿಸಿ ಎಂದು ಬರೆದರೆ ನೀವು ಕೂಡಲೇ ಕ್ಷಮಿಸಿಬಿಡುತ್ತೀರಿ, ಅದಕ್ಕೇ ಅದನ್ನೂ ಬರೆಯುತ್ತಿಲ್ಲ. ಒಂದೇ ಒಂದು ಕೆಲಸ ಮಾಡಿ. ಈ ಕಾಗದ ಮಡಿಸಿಟ್ಟು ಎದ್ದು ಅಡುಗೆಮನೆಗೆ ಹೋಗಿ, ಒಲೆ ಹಚ್ಚಿ. ಯಾರೂ ಪಕ್ಕದಲ್ಲಿ ಇಲ್ಲದಾಗಲೇ ಹಚ್ಚಿ. ಬರೀ ನೀರಾದರೂ ಕಾಯಿಸಿ. ನೀವು ಬೆಂಕಿಯ ಹತ್ತಿರ ಬಿಡಬಾರದ ಹೆಂಗಸೇ ಎಂದು ನೀವೇ ನೋಡಿ ಹೇಳಿ. ಆಮೇಲೆ ಮಗಳನ್ನು ಕರೆದು, ಇಷ್ಟು ವರ್ಷ ಹೇಳದೆ ಬಿಟ್ಟದ್ದನ್ನು ನಿಮ್ಮ ಬಾಯಾರೆ ಹೇಳಿ, ನನ್ನ ಹೆಸರು ಹಿಡಿದೇ ಹೇಳಿ.

ಚಿಕ್ಕವಳು ನಾನು, ಹರಸುವ ಅಧಿಕಾರ ನನ್ನದಲ್ಲ. ಆದರೂ ನಿಮ್ಮ ಕೈಗೆ, ನಿಮ್ಮ ಕೆನ್ನೆಗೆ, ನಿಮ್ಮ ತಲೆಗೆ ತಂಪಾಗಲಿ ಎಂದು ಕೇಳಿಕೊಳ್ಳುತ್ತಾ,

ಆ ಮಾತು ಹೇಳಿದವಳು,
ನಿಮ್ಮ ಸೊಸೆ