ಲೂರ್ದಮ್ಮನವರ ಮನೆಯಲ್ಲಿರುವ ತಳ್ಳುಗಾಡಿ

ಸರಸ್ವತಿಪುರಂ, ಮೈಸೂರು
೧೨-೮-೧೯೫೮

ಚಿ. ಸೌ. ಕಮಲಾಕ್ಷಿಗೆ ಆಶೀರ್ವಾದಗಳು.

'ತೊಟ್ಟಿಲು ತೂಗುವ ಕೈಗೆ ಭಾರ ತಿಳಿಯದು' ಎಂದೇನೋ ಒಂದು ಸಾಲು ಓದಿದ್ದೆ. ಬರೆದವರು ತೂಗಿದ್ದರೋ ಇಲ್ಲವೋ! ಹೋದ ವರ್ಷ ನಿನ್ನ ಮಗು ಉಳಿಯದೆ ಅಟ್ಟಕ್ಕೇರಿಸಿದ ಖಾಲಿ ತೊಟ್ಟಿಲೇ ಕೈಗೆ ಭಾರವಾಗಿತ್ತು. ಈ ಸಲ ಹೆರಿಗೆಗೆ ಮುಂಚೆ ಏನೂ ತರಬೇಡವೆಂದು ನೀನು ಬರೆದಿದ್ದೆ. ಆದರೂ ಅಂಗಡಿಯಲ್ಲಿ ನೋಡಿ ಮನಸ್ಸು ತಡೆಯದೆ ಮಗುವಿಗೆ ಒಂದು ತಳ್ಳುಗಾಡಿ ಕೊಂಡೆ, ಬೈಯಬೇಡ. ಎಳೆಗೂಸನ್ನು ಅಂಗಾತ ಮಲಗಿಸಬಹುದು. ಕೂರುವಂತಾದಾಗ ಬೆನ್ನಿನ ಹಲಗೆ ಎತ್ತಬಹುದು. ಮಗು ಓಡಾಡುವವರೆಗೂ ಬಾಳುತ್ತದೆ. ನಮ್ಮ ಮನೆಗೆ ತಂದಿಲ್ಲ, ಪಕ್ಕದ ಲೂರ್ದಮ್ಮನವರಲ್ಲಿ ಇಟ್ಟಿದ್ದೇನೆ. ಬರುವಾಗ ನಿನ್ನ ಹಳೆಯ ಮೆತ್ತನೆಯ ಸೀರೆಗಳನ್ನು ತಾ, ಹಾಸಲು ಬೇಕು.

ಈಗ ತಾನೇ ಅವರು ಬಾಗಿಲಿಗೆ ಬಂದು ಹೇಳಿದರು: "ಗಾಡಿ ಖಾಲಿ ಇರಬಾರ್ದು ಅಂತ ಒಂದು ಕುಂಬಳಕಾಯಿ ಮಲಗಿಸ್ಬುಟ್ಟಿದೀನಿ ಕಣ್ರೀ. ನಿಮ್ಮ ಮೊಮ್ಮಗು ಬಂದು ಜಾಗ ಕೇಳ್ಲಿ, ಆಮೇಲೇ ಕುಂಬಳಕಾಯಿ ಹುಳಿ!"

ನಿನ್ನ
ಅಮ್ಮ